ಇದಾಲಿನಾ ಫೋನು ಕೊಂಡ ಬಗೆ

ಫೋನು ಕೊಳ್ಳಬೇಕೆಂಬ ಆಸೆ ಇದಾಲಿನಾಗೆ ಮೊದಲಿನಿಂದಲೂ ಇತ್ತು. ಆ ಆಸೆಗೆ ಹುಳಿ ಹಿಂಡಿದವನು ಸೂಪರ್‌ವೈಸರ್ ಯೊರಿಟ್.

ಗುರುವಾರ, ಬೆಳಗಿನ ಪಾಳಿ ಮುಗಿಯುವ ಹೊತ್ತು. ರಾಟರ್‌ಡ್ಯಾಮಿನ ನದಿ ದಂಡೆಯ ಗಾಜಿನ ಕಟ್ಟಡ. ಅದರ ನೆಲಮಾಳಿಗೆಯಲ್ಲಿ ಬಕೆಟ್ಟು, ಮಾಪು, ಕಸದ ಚೀಲ ಇಡುವ ಕಿಟಕಿಯಿಲ್ಲದ ಕೋಣೆ. ಯೊರಿಟ್ ಕ್ಲೀನಿಂಗಿನವರನ್ನೆಲ್ಲ ಅಲ್ಲಿ ಸಾಲಾಗಿ ನಿಲ್ಲಿಸಿದ. ಕೂರಿಸೋಣವೆಂದರೆ ಆ ಕೋಣೆಗೆ ಕಂಪನಿ ಇದುವರೆಗೆ ಒಂದು ಕುರ್ಚಿಯನ್ನೂ ಕೊಟ್ಟಿಲ್ಲ.

"ಸೋಮವಾರದಿಂದ ಹಾಜರಿ ಎಲ್ಲಾ ಆಪ್‌ನಲ್ಲಿ," ಎಂದ ಯೊರಿಟ್. "ಕೆಲಸ ಶುರು ಮಾಡೋವಾಗ ಬೆರಳು ಒತ್ತೋದು, ಮುಗಿಸೋವಾಗ ಒತ್ತೋದು. ಅಷ್ಟೇ. ಫೋನು ಮಾತ್ರ ನಿಮ್ಮದೇ ಇರ್ಬೇಕು. ಆಂಡ್ರಾಯ್ಡ್ ಆದ್ರೆ ಸಾಕು, ಅಗ್ಗದ್ದೂ ನಡೆಯತ್ತೆ."

"ಆಪ್ ಹಾಕ್ಕೊಳ್ಳದೆ ಇದ್ರೆ?" ಎಂದು ಕೇಳಿದಳು ಬೆನ್ವಿಂದಾ. ಸಾಲಿನಲ್ಲಿ ಅವಳೇ ಕಿರಿಯಳು, ಬಾಯಿ ಮಾತ್ರ ಹಿರಿದು.

"ಹಾಕ್ಕೊಳ್ಳದೆ ಇದ್ರೆ ನೀವು ಕೆಲಸಕ್ಕೆ ಬಂದೇ ಇಲ್ಲ ಅಂತ. ಬರದೆ ಇದ್ದವರಿಗೆ ಸಂಬಳ ಎಲ್ಲಿಂದ ಬರತ್ತೆ?"

ಇದಾಲಿನಾ ಏಪ್ರನ್ ಜೇಬಿನಿಂದ ತನ್ನ ಬಟನ್ ಫೋನು ತೆಗೆದು ತೋರಿಸಿದಳು. ಅದರ ಬೆನ್ನಿಗೆ ಬ್ಯಾಂಡೇಜಿನ ಪಟ್ಟಿ ಸುತ್ತಿತ್ತು. "ಇದರಲ್ಲಿ ಆಗತ್ತಾ?" ಎಂದಳು. ತಮಾಷೆಗಲ್ಲ, ನಿಜವಾಗಿಯೇ ಕೇಳಿದಳು.

ಯೊರಿಟ್ ಅದನ್ನು ಎರಡು ಬೆರಳಲ್ಲಿ ಎತ್ತಿ, ಸತ್ತ ಇಲಿಯ ಹಾಗೆ ಎಲ್ಲರಿಗೂ ತೋರಿಸಿದ. "ಏ ಹನ್ನೊಂದು, ಇದನ್ನ ಎಲ್ಲಿ ಅಗೆದು ತೆಗೆದೆ?"

ಎಲ್ಲರೂ ನಕ್ಕರು. ಇದಾಲಿನಾಳೂ ನಕ್ಕಳು. ಅವಳಿಗೆ ಆಮೇಲೆ ಮೈ ಉರಿದದ್ದು ಆ ತನ್ನ ನಗೆಗೇ.

ಹನ್ನೊಂದು ಅಂದರೆ ಅವಳು. ಯೊರಿಟ್ ಜನರನ್ನು ಕರೆಯುವುದು ಅವರು ಗುಡಿಸುವ ಮಹಡಿಯ ಲೆಕ್ಕದಲ್ಲಿ. ಬೆನ್ವಿಂದಾ ಏಳು. ನೆಲ ಉಜ್ಜುವ ಯಂತ್ರ ಓಡಿಸುವ ಮೊರಾಕ್ಕೋದ ಮುದುಕ ಅಲ್ಲಾಲ್, ಸೊನ್ನೆ. ಅವನದು ನೆಲದಂತಸ್ತು. ಮಗನ ವಯಸ್ಸಿನವನೊಬ್ಬ ಇದಾಲಿನಾಳನ್ನು ಏಕವಚನದಲ್ಲಿ ಕರೆಯುತ್ತಾನೆ, ಅದೂ ಹೆಸರು ಹಿಡಿದಲ್ಲ. ಒಂದು ಮಹಡಿಗೆ ಕೈಕಾಲು ಬಂದಂತೆ ಅವಳು ಓಡಾಡುತ್ತಾಳೆ, ಅವನ ಪಾಲಿಗೆ ಅಷ್ಟೇ ಅವಳು.

ಆ ಮಹಡಿಯ ಕೆಲಸವನ್ನು ಸ್ವಲ್ಪ ಹೇಳಬೇಕು. ಬೆಳಗಿನ ಐದಕ್ಕೆ ಹಿಂಬಾಗಿಲಿನಿಂದ ಒಳಗೆ ಬರಬೇಕು. ಎಂಟರೊಳಗೆ ಮಾಯವಾಗಬೇಕು. ಆಫೀಸಿನವರ ಕಣ್ಣಿಗೆ ಬಕೆಟ್ಟು ಬೀಳಬಾರದು, ಬಕೆಟ್ಟು ಹಿಡಿದವಳು ಮೊದಲೇ ಬೀಳಬಾರದು. ಅಷ್ಟರಲ್ಲಿ ಕಸದ ಚೀಲ ಹೊರಬೇಕು, ಕಮೋಡು ತಿಕ್ಕಬೇಕು, ಕಾರ್ಪೆಟ್ಟಿಗೆ ಅಂಟಿದ ಚೂಯಿಂಗ್ ಗಮ್ಮನ್ನು ಮಂಡಿಯೂರಿ ಕೆರೆಯಬೇಕು. ಮೂವತ್ತು ವರ್ಷದಿಂದ ಮಂಡಿಯೂರಿದ್ದಾಳೆ. ಈಗ ಏಳುವಾಗ ಮೊದಲು ಮೇಜಿನ ಕಾಲು ಹಿಡಿಯುತ್ತಾಳೆ, ಆಮೇಲೆ ಅಂಚು, ಕೊನೆಗೆ ದೇವರ ಹೆಸರು.

ಕೈಗವಸು ಕಂಪನಿ ವಾರಕ್ಕೊಂದು ಜೊತೆ ಕೊಡುತ್ತದೆ. ಎರಡನೇ ದಿನಕ್ಕೆ ಅದು ಜರಡಿ. ಇದಾಲಿನಾ, ಬೆನ್ವಿಂದಾ ಇಬ್ಬರೂ ಆಫ್ರಿಕಾದ ಕರಾವಳಿಯಾಚೆಯ ಕೇಪ್ ವರ್ಡೆ ದ್ವೀಪದವರು. ಆ ಕಡೆಯ ಹೆಂಗಸರಿಗೆ ಬರಿಗೈಯಲ್ಲಿ ತಿಕ್ಕುವುದೇ ಒಂದು ಜಂಭ. ಗವಸು ಹಾಕಿದರೆ ಮೂಲೆಯ ಮರಳು ಬೆರಳಿಗೆ ಸಿಗುವುದಿಲ್ಲ ಎನ್ನುತ್ತಾರೆ. ಗವಸು ಹಾಕಿಕೊಂಡವಳನ್ನು "ಡಾಕ್ಟ್ರಮ್ಮ ಬಂದ್ಲು, ದಾರಿ ಬಿಡಿ" ಎಂದು ಆಡಿಕೊಳ್ಳುತ್ತಿದ್ದರು. ಕಂಪನಿಗೆ ಹಾಲು ಕುಡಿದಷ್ಟು ಸಂತೋಷ. ಗವಸೂ ಉಳಿಯಿತು, ಕೆಲಸವೂ ಬೇಗ ಆಯಿತು. ಬ್ಲೀಚಿಂಗ್ ನೀರು ಮೂವತ್ತು ವರ್ಷ ತನ್ನ ಪಾಡಿಗೆ ತಾನು ಕೆಲಸ ಮಾಡಿತು.

ಇನ್ನು ಆಸೆಯ ವಿಷಯ. ಇದಾಲಿನಾಗೆ ದುಲ್ಸಿ ಎಂಬ ತಂಗಿಯಿದ್ದಾಳೆ. ಇರುವುದು ಊರಿನಲ್ಲಿ, ಸಮುದ್ರದಾಚೆಯ ಮಿಂದೆಲು ಪಟ್ಟಣದಲ್ಲಿ. ಹುಟ್ಟು ಕಿವುಡಿ. ಅಕ್ಕತಂಗಿ ಚಿಕ್ಕಂದಿನಲ್ಲಿ ತಮ್ಮದೇ ಕೈಸನ್ನೆಯ ಮಾತು ಮಾಡಿಕೊಂಡಿದ್ದರು. ಯಾವ ಶಾಲೆಯಲ್ಲೂ ಕಲಿಸದ ಮಾತು, ಆ ಮನೆಯ ಹೊರಗೆ ಯಾರಿಗೂ ತಿಳಿಯದ ಮಾತು. ಅಕ್ಕ ಸಮುದ್ರ ದಾಟಿದ ಮೇಲೆ ಅದೂ ನಿಂತಿತು. ಇದಾಲಿನಾ ಪಕ್ಕದ ಮನೆಗೆ ಫೋನು ಮಾಡಿದರೆ ದುಲ್ಸಿ ಅದನ್ನು ಎದೆಗೆ ಒತ್ತಿಕೊಳ್ಳುತ್ತಾಳಂತೆ. ಇವಳು ಈ ಕಡೆಯಿಂದ ಗಟ್ಟಿಯಾಗಿ ಹಾಡುತ್ತಾಳೆ, ಅವಳಿಗೆ ಅದರ ನಡುಕ ತಿಳಿಯುತ್ತದಂತೆ. ಹಾಗಂತ ಪಕ್ಕದ ಮನೆಯವರು ಹೇಳುತ್ತಾರೆ. ಹೋದ ತಿಂಗಳು ದುಲ್ಸಿಯ ಮಗ ಮನೆಗೊಂದು ಮುಖ ಕಾಣುವ ಹೊಸ ಫೋನು ತಂದ. ಇವಳ ಕೈಯಲ್ಲೂ ಅಂಥದ್ದೊಂದಿದ್ದರೆ ಇಬ್ಬರೂ ಮುಖ ನೋಡಿಕೊಂಡು, ಕೈ ಆಡಿಸಿಕೊಂಡು, ಹೊಟ್ಟೆ ತುಂಬ ಮಾತಾಡಬಹುದು.

ಅದಕ್ಕೇ ಆಸೆ. ಅದಕ್ಕೇ ಸಂತೆಗೆ ಹೋದಾಗಲೆಲ್ಲ ಫೋನಿನ ಅಂಗಡಿಯ ಮುಂದೆ ಅವಳ ಕಾಲು ನಿಧಾನವಾಗುತ್ತಿತ್ತು. ಈಗ ಯೊರಿಟ್ ಬಂದು, ಕೊಂಡುಕೋ, ಕೊಳ್ಳದಿದ್ದರೆ ನೀನಿಲ್ಲ ಎಂದುಬಿಟ್ಟ. ತಿನ್ನಬೇಕೆಂದು ಎತ್ತಿಟ್ಟುಕೊಂಡ ಮಿಠಾಯಿಯನ್ನು ಬೇರೆಯವರು ಬಂದು ಬಾಯಿಗೆ ತುರುಕಿದಂತಾಯಿತು.

"ಅಕ್ಕ, ಹೇಗೂ ಕೊಳ್ಳೋಳೇ ಇದ್ದೆ. ಅವನಿಗೂ ಆಯ್ತು, ದುಲ್ಸಿಗೂ ಆಯ್ತು," ಎಂದಳು ಬೆನ್ವಿಂದಾ. ಶನಿವಾರ ಇಬ್ಬರೂ ಸಂತೆಯಲ್ಲಿದ್ದರು. ಜೋಳ, ಸಿಹಿಗೆಣಸು, ಒಣಮೀನು ಚೀಲಕ್ಕೆ ಬಿದ್ದಿತ್ತು. "ಯಾಕೆ ಮುಖ ಊದಿಸ್ಕೊಂಡಿದೀಯ? ನಾನು ನೋಡು, ನಿನ್ನೇನೇ ಆಪ್ ಹಾಕ್ಕೊಂಡೆ."

"ಬೆರಳು ತಗೊಳ್ತಾ?"

"ಒಂದ್ಸಲ ತಗೊಳ್ತು. ನಾಲ್ಕು ಸಲ ಬೈತು," ಎಂದು ಬೆನ್ವಿಂದಾ ನಕ್ಕಳು. "ನಮ್ಮ ಅತ್ತೆ ಥರ. ಮೂಡ್ ಇದ್ರೆ ಬಾಗಿಲು ತೆಗೀತಾಳೆ."

ಅಂಗಡಿಯವನು ರಾಮ್‌ಕಿಸೂನ್. ಸುರಿನಾಮಿನ ಕಡೆಯವನು, ದಪ್ಪ ಮೀಸೆ, ಮಾತಿನ ಮಲ್ಲ. ಇದಾಲಿನಾ ಅಗ್ಗದ್ದು ತೋರಿಸು ಎಂದದ್ದೇ ತಡ, ಗಾಜಿನ ಪೆಟ್ಟಿಗೆಯಿಂದ ಒಂದು ಕಪ್ಪು ಫೋನು ಎತ್ತಿ ಅವಳ ಅಂಗೈಯಲ್ಲಿಟ್ಟ.

"ಇದು ನೋಡಿ ಅಮ್ಮ. ಕೆಳಗೆ ಬಿದ್ರೂ ಅಳಲ್ಲ. ಬ್ಯಾಟರಿ ಎರಡು ದಿನ ಬರತ್ತೆ. ನೀವು ನಿದ್ದೆ ಮಾಡಿದ್ರೂ ಅದು ಮಾಡಲ್ಲ."

"ಕ್ಯಾಮೆರಾ ಹೇಗೆ?"

"ಮುಖ ಕಾಣತ್ತೆ, ಸುಕ್ಕು ಕಾಣಲ್ಲ. ಜಾಸ್ತಿ ದುಡ್ಡಿನ ಫೋನಲ್ಲಿ ಈ ಸೌಕರ್ಯ ಇಲ್ಲ."

"ಕೈ ಕಾಣತ್ತಾ?"

"ಕೈಯಾ?"

"ಬೇಗ ಬೇಗ ಆಡಿಸಿದ್ರೆ ಬೆರಳು ಬೇರೆ ಬೇರೆಯಾಗಿ ಕಾಣ್ಬೇಕು. ಕಲಸಿದ ಹಾಗೆ ಕಾಣ್ಬಾರ್ದು."

ರಾಮ್‌ಕಿಸೂನ್ ಜೀವಮಾನದಲ್ಲಿ ಇಂಥ ಪ್ರಶ್ನೆ ಕೇಳಿರಲಿಲ್ಲ. ಆದರೂ ಬಿಡಲಿಲ್ಲ. ತನ್ನ ಫೋನಿನಿಂದ ಅದಕ್ಕೆ ವಿಡಿಯೋ ಕಾಲ್ ಮಾಡಿ, ಅಂಗಡಿಯ ಆ ತುದಿಗೆ ಹೋಗಿ ನಿಂತು, ಮದುವೆಮನೆಯಲ್ಲಿ ಕುಣಿಯುವವನಂತೆ ಎರಡೂ ಕೈ ಆಡಿಸಿದ. ಹತ್ತು ಬೆರಳೂ ಬಿಡಿಬಿಡಿಯಾಗಿ ಕಂಡವು. ಇದಾಲಿನಾ ಫೋನನ್ನು ಕಣ್ಣಿನ ಹತ್ತಿರಕ್ಕೆ ತಂದಳು. ಆ ಕೈಗಳ ಜಾಗದಲ್ಲಿ ಅವಳು ಆಗಲೇ ದುಲ್ಸಿಯ ಕೈ ನೋಡುತ್ತಿದ್ದಳು.

"ಕೊಡಿ," ಎಂದಳು. "ಬೆರಳಿಂದು ಹಾಕ್ಕೊಡಿ. ಕೆಲಸದ ಆಪ್‌ಗೆ ಬೇಕು."

ರಾಮ್‌ಕಿಸೂನ್ ಅವಳ ಹೆಬ್ಬೆರಳನ್ನು ಫೋನಿನ ಮಗ್ಗುಲಿಗೆ ಒತ್ತಿಸಿದ. ಮತ್ತೊಮ್ಮೆ ಪ್ರಯತ್ನಿಸಿ, ಎಂದಿತು ಫೋನು. ಒತ್ತಿಸಿದ. ಮತ್ತೊಮ್ಮೆ. ತೋರುಬೆರಳು. ಮತ್ತೊಮ್ಮೆ. ನಡುಬೆರಳು, ಉಂಗುರದ ಬೆರಳು, ಕಿರುಬೆರಳು. ಕೈ ಬದಲಾಯಿಸಿದರು. ಬಟ್ಟೆಯಲ್ಲಿ ಒರೆಸಿದರು, ಬಾಯಿಂದ ಹಬೆ ಊದಿದರು. ಹಿಂದೆ ನಿಂತಿದ್ದ ಗಿರಾಕಿಯೊಬ್ಬ ಹೇನು ಕುಕ್ಕುವವನಂತೆ ಲೊಚಗುಟ್ಟತೊಡಗಿದ. ಇದಾಲಿನಾಳ ಕಿವಿ ಬಿಸಿಯಾಯಿತು.

ರಾಮ್‌ಕಿಸೂನ್ ದೀಪ ಎಳೆದುಕೊಂಡು ಅವಳ ಬೆರಳ ತುದಿಯನ್ನು ತಿರುಗಿಸಿ ನೋಡಿದ. ಅಲ್ಲಿ ಗೆರೆಯೇ ಇರಲಿಲ್ಲ. ಸವೆದು, ನುಣ್ಣಗೆ, ಬೆಳ್ಳಗೆ ಹೊಳೆಯುತ್ತಿತ್ತು. ದೀಪವನ್ನು ಪಕ್ಕಕ್ಕೆ ಸರಿಸಿದ.

"ಅಮ್ಮ, ಏನು ಕೆಲಸ ಮಾಡ್ತೀರಿ?"

"ಕ್ಲೀನಿಂಗು."

"ನಮ್ಮಮ್ಮನ ಬೆರಳೂ ಹೀಗೇ ಇತ್ತು," ಎಂದು ಕೈ ಬಿಟ್ಟ. "ಈ ಫೋನು ನಿಮ್ಮ ಗುರುತು ಹಿಡಿಯಲ್ಲ. ಮುಖ ನೋಡಿ ಗುರುತು ಹಿಡಿಯೋದಿದೆ, ನಿಮ್ಮ ಆಪ್ ಅದನ್ನ ಒಪ್ಪತ್ತೆ. ಆದ್ರೆ ಅದರ ರೇಟು ಕೇಳ್ಬೇಡಿ."

ಇದಾಲಿನಾ ಕೇಳಲಿಲ್ಲ. ಕಪ್ಪು ಫೋನನ್ನು ಮೆಲ್ಲಗೆ ಗಾಜಿನ ಮೇಲಿಟ್ಟು ಹೊರಗೆ ಬಂದಳು.

ಬೆನ್ವಿಂದಾ ಹಿಂದೆ ಓಡಿಬಂದಳು. ಕರಿದ ಮೀನಿನ ಗಾಡಿಯ ಪಕ್ಕದ ಬೆಂಚಿನ ಮೇಲೆ ಇಬ್ಬರೂ ಕೂತರು. ಬೆನ್ವಿಂದಾ ಒಂದು ಪೊಟ್ಟಣ ಮೀನು ತಂದು ಮಧ್ಯೆ ಇಟ್ಟಳು. ದುಃಖವಾಗಲಿ ಸಿಟ್ಟಾಗಲಿ, ಅವಳಿಗೆ ಮೊದಲು ಏನಾದರೂ ತಿನ್ನಬೇಕು.

"ಅಗ್ಗದ್ದನ್ನೇ ತಗೋ ಅಕ್ಕ. ದುಲ್ಸಿ ಜೊತೆ ಮಾತಾಡು. ಆಪ್ ವಿಷಯ ಆಮೇಲೆ ನೋಡ್ಕೊಳ್ಳೋಣ."

"ತಗೊಳ್ಳಲ್ಲ."

"ಹಟ ಮಾಡ್ಬೇಡ. ಕೆಲಸ ಹೋಗತ್ತೆ."

"ಇವತ್ತು ತಗೊಂಡ್ರೆ ಅದು ಅವನ ಫೋನು ಕಣೇ. ಅವನು ಹೇಳ್ದ, ನಾನು ಬಾಲ ಅಲ್ಲಾಡಿಸ್ಕೊಂಡು ಬಂದು ತಗೊಂಡೆ ಅಂತ ಆಗತ್ತೆ. ಅದನ್ನ ಹಿಡ್ಕೊಂಡು ದುಲ್ಸಿಗೆ ಹೇಗೆ ಮುಖ ತೋರಿಸ್ಲಿ?" ಇದಾಲಿನಾಳ ದನಿ ಏರಿತು. ಮೀನು ಕರಿಯುವವನು ತಿರುಗಿ ನೋಡಿದ. ನೋಡಲಿ. "ನನ್ನ ಬೆರಳು ತಿಂದಿದ್ದು ಯಾರು? ಅವರ ಕಮೋಡು, ಅವರ ಬ್ಲೀಚು. ತಿಂದು ತೇಗಿ, ಈಗ ಬೆರಳು ತೋರಿಸು ಅಂತಾರೆ. ತೋರಿಸ್ದೆ ಇದ್ರೆ ನಾನು ಬಂದೇ ಇಲ್ಲವಂತೆ! ಥೂ!"

ಬೆನ್ವಿಂದಾ ಮೀನು ಬಾಯಿಗಿಡುವುದನ್ನು ಮರೆತಳು. ತನ್ನ ಬೆರಳನ್ನು ಬಿಸಿಲಿಗೆ ಹಿಡಿದು ನೋಡಿಕೊಂಡಳು. ಅಲ್ಲಿ ಗೆರೆಗಳು ಇನ್ನೂ ಇದ್ದವು, ಆದರೆ ಮಳೆಗೆ ಸಿಕ್ಕ ರಂಗೋಲಿಯಂತೆ ಅಲ್ಲಲ್ಲಿ ಮಾತ್ರ. ಅವಳಿಗೆ ನಗು ಬರಲಿಲ್ಲ. ಫೋನು ತೆಗೆದು ಜೊತೆ ಕೆಲಸದ ಏಳೆಂಟು ಜನಕ್ಕೆ ಒಂದೇ ಮಾತು ಹೇಳಿ ಕಳಿಸಿದಳು. "ನಿಮ್ಮ ನಿಮ್ಮ ಬೆರಳು ನೋಡ್ಕೊಳ್ರೋ. ಹಾಗೇ ಸೋಮವಾರ ಒಳ್ಳೇ ಬಟ್ಟೆ ಹಾಕ್ಕೊಂಡು ಬನ್ನಿ."

"ಒಳ್ಳೇ ಬಟ್ಟೆ ಯಾಕೆ?" ಎಂದಳು ಇದಾಲಿನಾ.

"ಗೊತ್ತಿಲ್ಲ ಅಕ್ಕ. ಜಗಳ ಅಂದ್ಮೇಲೆ ಇರ್ಲಿ ಅಂತ."

ಸೋಮವಾರ ಬೆಳಿಗ್ಗೆ ನೆಲಮಾಳಿಗೆಯಲ್ಲಿ ಮದುವೆಗೆ ಹೊರಟವರ ದಿಬ್ಬಣ ದಾರಿ ತಪ್ಪಿ ಬಂದಂತಿತ್ತು. ಅಲ್ಲಾಲ್ ಇಸ್ತ್ರಿಯ ಕೋಟು ಹಾಕಿದ್ದ. ಬೆನ್ವಿಂದಾಳ ಕಿವಿಯಲ್ಲಿ ಭುಜಕ್ಕೆ ತಾಗುವ ಜುಮುಕಿ. ಯೊರಿಟ್ ಅದನ್ನೆಲ್ಲ ಗಮನಿಸಲಿಲ್ಲ. ಅವನ ಕಣ್ಣೆಲ್ಲ ಕೈಯಲ್ಲಿದ್ದ ಟ್ಯಾಬ್ ಮೇಲೆ. ಒಬ್ಬೊಬ್ಬರೇ ಬಂದು ತಮ್ಮ ಫೋನಿನಲ್ಲಿ ಬೆರಳು ಒತ್ತಿದರು. ಮತ್ತೊಮ್ಮೆ ಪ್ರಯತ್ನಿಸಿ. ಅಲ್ಲಾಲ್ ಒತ್ತಿದ, ಮತ್ತೊಮ್ಮೆ. ಬೆನ್ವಿಂದಾಳ ಫೋನಿನೊಳಗಿನ ಅತ್ತೆಗೂ ಅಂದು ಮೂಡ್ ಇರಲಿಲ್ಲ. ಹೋದ ತಿಂಗಳಷ್ಟೇ ಸೇರಿದ ಪೋಲೆಂಡಿನ ಹುಡುಗಿಯೊಬ್ಬಳದು ಮಾತ್ರ ಮೊದಲ ಸಲಕ್ಕೇ ಹಸಿರಾಯಿತು.

"ಏನ್ರೀ ಇದು!" ಎಂದು ಸಿಡುಕಿದ ಯೊರಿಟ್. "ಎಲ್ರೂ ಹೋಗಿ ಕೈ ತೊಳ್ಕೊಂಡು ಬನ್ನಿ."

ಅಲ್ಲಾಲ್ ತನ್ನ ಎರಡೂ ಅಂಗೈ ತಿರುಗಿಸಿ ನೋಡಿಕೊಂಡ.

"ಕೈ ತೊಳ್ಕೊಂಡು?" ಎಂದಳು ಇದಾಲಿನಾ. ಸಾಲಿನಿಂದ ಮುಂದೆ ಬಂದಳು. "ಮೂವತ್ತು ವರ್ಷದಿಂದ ತೊಳೀತಾನೇ ಇದೀವಲ್ಲಪ್ಪ. ತೊಳೆದೂ ತೊಳೆದೂ ಹೀಗಾಗಿದೆ. ಇನ್ನೂ ಎಷ್ಟು ತೊಳೀಬೇಕು?"

"ಹನ್ನೊಂದು, ಶುರು ಮಾಡ್ಬೇಡ. ನಿನ್ನ ಫೋನೆಲ್ಲಿ?"

"ತಗೊಂಡಿಲ್ಲ."

"ಹಾಗಾದ್ರೆ ನೀನು ಬಂದಿಲ್ಲ."

"ಸರಿ. ಬಂದಿಲ್ಲ," ಎಂದು ಇದಾಲಿನಾ ಏಪ್ರನ್ ಬಿಚ್ಚಿ ಬಕೆಟ್ಟಿನ ಮೇಲೆ ಹಾಕಿದಳು. ಒಳಗೆ ಹಸಿರು ರೇಷ್ಮೆಯ ಅಂಗಿ. "ಬರದೆ ಇರೋಳು ಕಮೋಡು ತೊಳೆಯೋದು ಹೇಗೆ? ನೀನೇ ಹೇಳು. ಇವರು ಯಾರೂ ಬಂದಿಲ್ಲ, ನೋಡು ನಿನ್ನ ಟ್ಯಾಬ್‌ನಲ್ಲಿ. ಬನ್ರೇ, ಬರದೆ ಇರೋರೆಲ್ಲ ಮೇಲೆ ಹೋಗೋಣ."

ಹಸಿರು ಬಂದಿದ್ದ ಪೋಲೆಂಡಿನ ಹುಡುಗಿ ಸುತ್ತ ನೋಡಿದಳು. ಫೋನು ಆರಿಸಿ ಜೇಬಿಗೆ ಹಾಕಿಕೊಂಡು ಅವರ ಹಿಂದೆ ನಡೆದಳು.

ಮೇಲೆ ಅಂದರೆ ಮುಂಬಾಗಿಲ ಹಜಾರಕ್ಕೆ. ಅಲ್ಲಿ ಅತಿಥಿಗಳಿಗೆಂದು ಬೆಣ್ಣೆಬಣ್ಣದ ಸೋಫಾಗಳಿವೆ. ಅವುಗಳ ಧೂಳನ್ನು ಅಲ್ಲಾಲ್ ಹನ್ನೆರಡು ವರ್ಷ ಹೊಡೆದಿದ್ದಾನೆ, ಕೂತಿಲ್ಲ. ಅಂದು ಕೂತ. "ಅಯ್ಯೋ, ಇದು ಒಳಗೆ ಎಳ್ಕೊಳ್ಳತ್ತಲ್ಲೋ!" ಎಂದು ಕೈ ಚಾಚಿದ. ಇಬ್ಬರು ಅವನನ್ನು ಹಿಡಿದು ನೆಟ್ಟಗೆ ಕೂರಿಸಿದರು.

ಯೊರಿಟ್ ಬೆದರಿಸಿದ, ಗೋಗರೆದ, ಯಾರಿಗೋ ಫೋನು ಮಾಡಿದ. ಆ ಕಡೆ ಇನ್ನೂ ಯಾರೂ ಎದ್ದಿರಲಿಲ್ಲ. ಎಂಟಾಗುವ ಮುಂಚೆ ಹಜಾರದಲ್ಲಿ ಅತಿಥಿಗಳನ್ನು ಸ್ವಾಗತಿಸುವ ಹುಡುಗಿ ಕೆಲಸಕ್ಕೆ ಬಂದಳು. ಸೋಫಾದ ಮೇಲೆ ಕೂತವರಿಗೆ ಕಾಫಿ ಕೊಡಬೇಕೆಂದು ಅವಳಿಗೆ ನಿಯಮ. ಒಳ್ಳೇ ಬಟ್ಟೆ ಹಾಕಿ ಕೂತಿದ್ದಾರೆ, ಅತಿಥಿಗಳೇ ಇರಬೇಕು. "ಶುಭೋದಯ, ಕಾಫಿ ಕುಡೀತೀರಾ?" ಎಂದು ಕೇಳಿದಳು.

"ನನಗೆ ಮೂರು ಸಕ್ಕರೆ," ಎಂದಳು ಬೆನ್ವಿಂದಾ.

ಆಫೀಸಿನವರು ಬರತೊಡಗಿದರು. ಶುಕ್ರವಾರದ ಕಾಫಿ ಕಲೆ ಹಾಗೇ ಇತ್ತು. ಕಸದ ಬುಟ್ಟಿಗಳು ತುಂಬಿ ತುಳುಕುತ್ತಿದ್ದವು. ಲಿಫ್ಟಿನ ಮುಂದೆ ನಿಂತವರು ಮೊದಲು ನೆಲ ನೋಡಿದರು, ಆಮೇಲೆ ಸೋಫಾ ನೋಡಿದರು. ಹನ್ನೊಂದನೇ ಮಹಡಿಯ ಹೆಂಗಸೊಬ್ಬಳು ಇದಾಲಿನಾಳನ್ನು ನೋಡಿ ನಯವಾಗಿ ನಕ್ಕಳು. ಆ ಹೆಂಗಸಿನ ಬುಟ್ಟಿಯ ಕಿತ್ತಳೆ ಸಿಪ್ಪೆ, ಮಾತ್ರೆಯ ಪಟ್ಟಿ, ಗುಟ್ಟಾಗಿ ತಿಂದ ಚಾಕೊಲೇಟಿನ ಕಾಗದ ಎಲ್ಲವೂ ಇದಾಲಿನಾಗೆ ಗೊತ್ತು. ಹೆಂಗಸಿಗೆ ಇದಾಲಿನಾ ಗೊತ್ತಿಲ್ಲ.

"ನೀವು ಯಾರನ್ನ ನೋಡೋಕೆ ಬಂದಿದೀರಿ?" ಎಂದು ಕೇಳಿದಳು ಆ ಹೆಂಗಸು.

"ಯಾರನ್ನೂ ಇಲ್ಲಮ್ಮ," ಎಂದಳು ಇದಾಲಿನಾ. "ನೀವು ನಮ್ಮನ್ನ ನೋಡ್ಲಿ ಅಂತ ಬಂದಿದೀವಿ."

ಯೊರಿಟ್‌ನ ಬೆನ್ನಲ್ಲಿ ಅಂಗಿ ಒದ್ದೆಯಾಗಿ ಅಂಟಿತ್ತು. ಸೋಫಾದ ಹತ್ತಿರ ಬಗ್ಗಿ ಪಿಸುಗುಟ್ಟಿದ. "ಕೆಳಗೆ ಹೋಗೋಣ ಬನ್ನಿ. ಅಲ್ಲಿ ಮಾತಾಡೋಣ. ಏನು ಬೇಕು ನಿಮಗೆ?"

"ಹಾಜರಿ ತಗೋ," ಎಂದಳು ಇದಾಲಿನಾ. "ಇಲ್ಲೇ. ನಮ್ಮ ಮುಖ ನೋಡಿ, ಹೆಸರು ಕೂಗು. ಇದೀವೋ ಇಲ್ವೋ ಗೊತ್ತಾಗತ್ತೆ."

ಯೊರಿಟ್ ಟ್ಯಾಬ್ ನೋಡಿದ. ಅದರಲ್ಲಿ ಮಹಡಿಗಳಿದ್ದವು. ತಲೆಯೆತ್ತಿ ಅವಳ ಮುಖ ನೋಡಿದ. ಏಳು ವರ್ಷ ಕಂಡ ಮುಖ.

"ಹನ್ನೊಂ..."

"ಹನ್ನೊಂದು ಮೇಲಿದೆ. ಲಿಫ್ಟಲ್ಲಿ ಹೋಗಿ ಕೂಗು, ಓ ಅನ್ನತ್ತಾ ನೋಡು."

ಲಿಫ್ಟಿಗೆ ಕಾಯುತ್ತಿದ್ದವರಲ್ಲಿ ಯಾರೋ ಕಿಸಕ್ಕೆಂದರು. ಯೊರಿಟ್‌ನ ಕತ್ತು ಕೆಂಪಾಯಿತು. ನಗುವುದೋ ಅಳುವುದೋ ತಿಳಿಯದೆ ನಿಂತವನು ಕೊನೆಗೆ ಅಲ್ಲೇ ಮಂಡಿಯೂರಿದ. ಸೋಫಾದಲ್ಲಿ ಕೂತವರ ಜೊತೆ ಮೆಲ್ಲಗೆ ಮಾತಾಡಬೇಕಾದರೆ ಬೇರೆ ದಾರಿ ಇರಲಿಲ್ಲ. ಅಭ್ಯಾಸವಿಲ್ಲದ ಮಂಡಿ ಲಟಕ್ಕೆಂದಿತು.

"ಹೆಸರೇನು?" ಎಂದ. ಆಮೇಲೆ, "ನಿಮ್ಮ ಹೆಸರೇನು?"

"ಇದಾಲಿನಾ."

"ಇದಾಲಿನಾ."

"ಗಟ್ಟಿಯಾಗಿ."

"ಇದಾಲಿನಾ!"

"ಓ! ಬಂದಿದೀನಿ," ಎಂದಳು.

ಹೀಗೆ ಒಬ್ಬೊಬ್ಬರ ಮುಂದೆಯೂ ಮಂಡಿಯಲ್ಲೇ ಸರಿಯುತ್ತ ಹೆಸರು ಕೇಳಿದ, ಕೂಗಿದ. ಒಬ್ಬೊಬ್ಬರೂ ಓ ಎಂದರು. ಅಲ್ಲಾಲ್ ಬೇಕೆಂದೇ ಅಪ್ಪನ ಹೆಸರು, ಅಜ್ಜನ ಹೆಸರು, ಬುಡಕಟ್ಟಿನ ಹೆಸರನ್ನೂ ಸೇರಿಸಿ ಹೇಳಿದ. ಆಪ್ ಯಾರ ಬೆರಳು ತಗೊಳ್ಳುವುದಿಲ್ಲವೋ ಅವರಿಗೆ ಮಾತ್ರ ದಿನಾ ಹೀಗೆ ಹೆಸರು ಕೂಗೋಣವೇ ಎಂದು ಯೊರಿಟ್ ಕೇಳಿದ್ದಕ್ಕೆ, ಎಲ್ಲರಿಗೂ, ಎಂದಳು ಪೋಲೆಂಡಿನ ಹುಡುಗಿ. ಅವಳು ಅಂದು ಆಡಿದ ಮಾತು ಅದೊಂದೇ.

ಕಂಪನಿ ಸೋತಿತೆಂದು ನಾನು ಹೇಳಲಾರೆ. ಕಂಪನಿಗಳು ಅಷ್ಟು ಸುಲಭಕ್ಕೆ ಸೋಲುವುದಿಲ್ಲ. ಬೆರಳು ಬಿಟ್ಟು ಕಣ್ಣಿನ ಪಾಪೆ ನೋಡುವ ಯಂತ್ರ ತರುತ್ತಾರಂತೆ ಎಂಬ ಸುದ್ದಿ ಆಗಲೇ ಓಡಾಡುತ್ತಿದೆ. ತಂದಾಗ ನೋಡಿಕೊಳ್ಳೋಣ, ಸೋಫಾ ಎಲ್ಲಿಗೂ ಓಡಿಹೋಗುವುದಿಲ್ಲ ಎನ್ನುತ್ತಾಳೆ ಬೆನ್ವಿಂದಾ. ಅಲ್ಲಿಯವರೆಗೆ ದಿನಾ ಬೆಳಿಗ್ಗೆ ಐದಕ್ಕೆ ಯೊರಿಟ್ ನೆಲಮಾಳಿಗೆಯಲ್ಲಿ ನಿಂತು ಹೆಸರು ಕೂಗುತ್ತಾನೆ. ಅಲ್ಲಾಲನ ಅಜ್ಜನ ಹೆಸರಿನ ಹತ್ತಿರ ಈಗಲೂ ಎಡವುತ್ತಾನೆ.

ಮುಂದಿನ ಶನಿವಾರ ಇದಾಲಿನಾ ಒಬ್ಬಳೇ ರಾಮ್‌ಕಿಸೂನ್ ಅಂಗಡಿಗೆ ಹೋದಳು. ಆ ಕಪ್ಪು ಫೋನು ಕೊಡು ಎಂದಳು.

"ಆಪ್ ಏನಾಯ್ತು ಅಮ್ಮ?"

"ಆಪ್ ಬೇಡ. ಇದು ನನ್ನ ಫೋನು."

ಬೀಗಕ್ಕೆ ಏನು ಹಾಕಲಿ ಎಂದು ಅವನು ಕೇಳಿದ. ಬೀಗ ಬೇಡ, ಮುಚ್ಚಿಡುವಂಥದ್ದು ನನ್ನ ಹತ್ತಿರ ಏನಿದೆ ಎಂದಳು. ಮನೆಯವರೆಗೆ ತಡೆಯಲಾರದೆ ಅಂಗಡಿಯ ಮೆಟ್ಟಿಲ ಮೇಲೇ ಕೂತು, ಫೋನನ್ನು ಒಣಮೀನಿನ ಪೊಟ್ಟಣಕ್ಕೆ ಒರಗಿಸಿ ನಿಲ್ಲಿಸಿದಳು. ಎರಡು ಕೈಯೂ ಬಿಡುವಾಗಿರಬೇಕಲ್ಲ.

ದುಲ್ಸಿ ಪರದೆಯ ಮೇಲೆ ಬಂದಳು. ಕೂದಲು ಬೆಳ್ಳಗಾಗಿತ್ತು. ಅಕ್ಕನನ್ನು ನೋಡಿದ ಕೂಡಲೇ ಎಡಗಿವಿಯ ಹಾಲೆಯನ್ನು ಎರಡು ಸಲ ಹಿಂಡಿದಳು. ಆ ಮನೆಯಲ್ಲಿ, ಆ ಕೈಗಳಲ್ಲಿ, ಇದಾಲಿನಾಳ ಹೆಸರು ಅದು. ಇಷ್ಟು ವರ್ಷ ಯಾರೂ ಅವಳನ್ನು ಹಾಗೆ ಕರೆದಿರಲಿಲ್ಲ. ಇದಾಲಿನಾ ಅತ್ತಳು. ಸಂತೆಯ ಜನ ಅವಳನ್ನು ಸುತ್ತಿಕೊಂಡು ಹೋದರು.

ಆಮೇಲೆ ಕಣ್ಣೊರೆಸಿಕೊಂಡು ಕಥೆ ಹೇಳತೊಡಗಿದಳು. ಬೆರಳುಗಳು ಮರೆತಿರಲಿಲ್ಲ. ಬಕೆಟ್ಟು, ಸೋಫಾ, ಮೂರು ಸಕ್ಕರೆ, ಮಂಡಿ. ದುಲ್ಸಿಯ ಕಣ್ಣು ಅರಳುತ್ತ ಹೋಯಿತು. ಯಾರು ಮಂಡಿಯೂರಿದ್ದು, ಎಂದು ಕೈ ತಿರುಗಿಸಿ ಕೇಳಿದಳು. ಇದಾಲಿನಾಳ ಕೈ ಗಾಳಿಯಲ್ಲೇ ನಿಂತಿತು. ಯೊರಿಟ್‌ಗೆ ಅವರ ಮಾತಿನಲ್ಲಿ ಹೆಸರಿಲ್ಲ.

ಸ್ವಲ್ಪ ಯೋಚಿಸಿದಳು. ಆಮೇಲೆ ಎಡಗೈಯನ್ನು ಟ್ಯಾಬಿನಂತೆ ಮೂಗಿನ ಹತ್ತಿರಕ್ಕೆ ಹಿಡಿದು, ಬಾಯಿ ಕಳೆದು, ಬಲಗೈಯ ಬೆರಳಿನಿಂದ ಅಂಗೈಯನ್ನು ಒತ್ತಿದಳು. ಮತ್ತೆ ಒತ್ತಿದಳು. ಮತ್ತೆ.

ದುಲ್ಸಿ ಬಿದ್ದು ಬಿದ್ದು ನಕ್ಕಳು. ನಗುತ್ತಲೇ ತಾನೂ ಬಾಯಿ ಕಳೆದು, ಅಂಗೈ ಒತ್ತಿ, ಸರಿಯಾಯಿತೇ ಎಂದು ಹುಬ್ಬೇರಿಸಿದಳು.

ಸರಿಯಾಯಿತು, ಎಂದು ಇದಾಲಿನಾ ತಲೆಯಾಡಿಸಿದಳು.